ಐನೂರು ಅಡಿಯ ಬೆಟ್ಟದಲ್ಲಿ ಗಿಡ ಎಲ್ಲಿಗೆ ಹತ್ತಬೇಕು?

ಪ್ರಶ್ನೆ: ಭೂಮಿ ಬಿಸಿಯಾಗುತ್ತಿರುವುದರಿಂದ ಹಿಮಾಲಯದಲ್ಲಿ ಗಿಡಗಳು ಮೇಲಕ್ಕೆ ಮೇಲಕ್ಕೆ ಹತ್ತುತ್ತಿವೆ ಎಂದು ಓದಿದೆ. ಗಿಡ ಹೇಗೆ ಹತ್ತುತ್ತದೆ? ಇದು ನಿಜವಾದರೆ ನಮ್ಮ ಕುಂತಿ ಬೆಟ್ಟ, ಮೇಲುಕೋಟೆ, ಕರಿಘಟ್ಟ, ಆದಿಚುಂಚನಗಿರಿಗಳಲ್ಲೂ ಹಾಗೇ ಆಗುತ್ತಿದೆಯೆ? ಈ ಮುಂಗಾರಿಗೆ ನಮ್ಮೂರಿನ ಯುವಕ ಸಂಘದವರು ಬೆಟ್ಟದ ತಲೆಯ ಮೇಲೆ ಬೀಜದುಂಡೆ ಎಸೆಯಬೇಕೆಂದಿದ್ದಾರೆ. ಅದರಿಂದ ಪ್ರಯೋಜನ ಉಂಟೆ?
— ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹಿಮಾಲಯದ ಸುದ್ದಿ ನಿಜ. ನಮ್ಮ ಬೆಟ್ಟಗಳಲ್ಲಿ ಅದು ಹಾಗೆಯೇ ನಡೆಯಲಾರದು, ಯಾಕೆಂದರೆ ಹತ್ತುವುದಕ್ಕೆ ಇಲ್ಲಿ ಎತ್ತರವೇ ಸಾಲದು. ಇಲ್ಲಿನ ಗಿಡಗಳ ಅಳಿವು ಉಳಿವನ್ನು ನಿರ್ಧರಿಸುವುದು ತಂಪಿಗಿಂತ ಹೆಚ್ಚಾಗಿ ತೇವ. ಬೀಜದುಂಡೆಯನ್ನು ಬೆಟ್ಟದ ತಲೆಯ ಮೇಲೆ ಎಸೆಯುವುದು ಬೇಡ. ಎಲ್ಲಿ, ಯಾವುದು, ಯಾಕೆ ಎಂಬುದಕ್ಕೆ ಸ್ವಲ್ಪ ವಿವರ ಬೇಕು.

ಗಿಡ ಹತ್ತುವುದೆಂದರೆ

ಬೇರೂರಿದ ಗಿಡ ಜಾಗ ಬಿಟ್ಟು ಕದಲುವುದಿಲ್ಲ. ಕದಲುವುದು ಅದರ ಸಂತಾನ. ಬೆಟ್ಟದ ನಡುವಿನಲ್ಲಿರುವ ಒಂದು ಜಾತಿಯ ಬೀಜ ಗಾಳಿಯಲ್ಲಿ ತೇಲಿ, ಹಕ್ಕಿಯ ಹಿಕ್ಕೆಯಲ್ಲಿ ಬಿದ್ದು, ಮಳೆನೀರಿನಲ್ಲಿ ಕೊಚ್ಚಿ ನಾಲ್ಕೂ ಕಡೆಗೆ ಹೋಗುತ್ತದೆ. ತೀರಾ ಮೇಲೆ ಬಿದ್ದದ್ದು ಹಿಂದೆ ಚಳಿಗೆ ಸಾಯುತ್ತಿತ್ತು. ಈಗ ಚಳಿ ತಗ್ಗಿರುವುದರಿಂದ ಅಲ್ಲೊಂದು ಇಲ್ಲೊಂದು ಸಸಿ ಉಳಿಯುತ್ತದೆ. ಕೆಳಗಿನ ಅಂಚಿನಲ್ಲಿ ಇದಕ್ಕೆ ತದ್ವಿರುದ್ಧ: ಹಳೆಯ ಗಿಡ ಒಣಗಿದ ಜಾಗದಲ್ಲಿ ಅದೇ ಜಾತಿಯ ಸಸಿ ಏಳುವುದಿಲ್ಲ, ಬಿಸಿ ತಡೆಯುವ ಇನ್ನೊಂದು ಏಳುತ್ತದೆ. ಮೇಲಂಚಿನಲ್ಲಿ ಹುಟ್ಟು, ಕೆಳಂಚಿನಲ್ಲಿ ಸಾವು ಹೆಚ್ಚುತ್ತ ಹೋದರೆ, ನೂರು ವರ್ಷ ಬಿಟ್ಟು ನೋಡಿದವರಿಗೆ ಇಡೀ ಜಾತಿಯೇ ಬೆಟ್ಟ ಹತ್ತಿದಂತೆ ಕಾಣುತ್ತದೆ.

ಹೀಗೆ ನೂರು ವರ್ಷ ಬಿಟ್ಟು ನೋಡಬೇಕಾದರೆ ನೂರು ವರ್ಷದ ಹಿಂದೆ ಯಾರಾದರೂ ಬರೆದಿಟ್ಟಿರಬೇಕು. ಸಿಕ್ಕಿಂನಲ್ಲಿ ಅಂಥ ಒಬ್ಬರಿದ್ದರು. ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹೂಕರ್ 1849–50ರಲ್ಲಿ ಅಲ್ಲಿನ ಕಣಿವೆಗಳನ್ನು ಹತ್ತಿಳಿದು, ಯಾವ ಗಿಡ ಎಷ್ಟು ಎತ್ತರದಲ್ಲಿ ಸಿಕ್ಕಿತು ಎಂಬುದನ್ನು ಬರೆದಿಟ್ಟರು. 2007ರಿಂದ 2010ರವರೆಗೆ ದೆಹಲಿ ವಿಶ್ವವಿದ್ಯಾಲಯದ ಎಂ.ಕೆ. ಪಂಡಿತ್ ಅವರ ತಂಡ ಅದೇ ಕಣಿವೆಗಳಿಗೆ ಹೋಗಿ, ಆ ಭಾಗಕ್ಕೇ ಸೀಮಿತವಾದ 124 ಜಾತಿಗಳನ್ನು ಹುಡುಕಿತು. ಅವುಗಳಲ್ಲಿ ಶೇಕಡ 87ರಷ್ಟು ಹಳೆಯ ನೆಲೆಯಿಂದ ಸರಿದಿದ್ದವು. ಸರಾಸರಿ ವೇಗ ಹತ್ತು ವರ್ಷಕ್ಕೆ 27 ಮೀಟರಿಗೂ ಹೆಚ್ಚು. ಕೆಲವು ಇಪ್ಪತ್ತು ಮೂವತ್ತು ಮೀಟರ್ ಮಾತ್ರ ಏರಿದ್ದರೆ, ಕೆಲವು ಸಾವಿರ ಮೀಟರಿನ ಹತ್ತಿರ ಹೋಗಿದ್ದವು. ಅಲ್ಲಿ ಹೆಚ್ಚು ಏರಿದ್ದು ಬೇಸಿಗೆಯ ಬಿಸಿಯಲ್ಲ, ಚಳಿಗಾಲದ ಉಷ್ಣಾಂಶ ಎಂಬುದನ್ನೂ ಅದೇ ಅಧ್ಯಯನ ತೋರಿಸಿತು.

ಯೂರೋಪಿನಲ್ಲಿ ಇಂಥ ದಾಖಲೆ ಇನ್ನೂ ಹೆಚ್ಚು. ಅಲ್ಲಿನ 302 ಶಿಖರಗಳಲ್ಲಿ 145 ವರ್ಷಗಳ ಅವಧಿಯಲ್ಲಿ ಮಾಡಿದ ಗಿಡಗಳ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ನೋಡಿದ ಅಧ್ಯಯನ 2018ರಲ್ಲಿ ಬಂತು. 2007ರಿಂದ 2016ರ ದಶಕದಲ್ಲಿ ಶಿಖರಗಳಿಗೆ ಹೊಸದಾಗಿ ಬಂದ ಜಾತಿಗಳ ಸಂಖ್ಯೆ ಐವತ್ತು ವರ್ಷ ಹಿಂದಿನ ದಶಕದ ಐದು ಪಟ್ಟು. ಇದನ್ನು ಕೇಳಿ ಶಿಖರ ಹಸಿರಾಯಿತು, ಒಳ್ಳೆಯದೇ ಆಯಿತು ಎನ್ನುವಂತಿಲ್ಲ. ಕೆಳಗಿನಿಂದ ಬಂದವು ಎತ್ತರದವು, ಬೇಗ ಬೆಳೆಯುವಂಥವು. ಮೊದಲಿನಿಂದ ತುದಿಯಲ್ಲಿದ್ದವು ಕುಳ್ಳ, ನಿಧಾನದ ಗಿಡಗಳು. ಬಂದವರು ನೆರಳು ಹಾಸಿದಾಗ ಇದ್ದವರಿಗೆ ಮೇಲೆ ಹೋಗಲು ಇನ್ನು ಜಾಗವಿಲ್ಲ.

ಹಳೆಯ ದಾಖಲೆಯನ್ನು ಓದುವುದರಲ್ಲೂ ಎಚ್ಚರ ಬೇಕು. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತ ಹತ್ತಿ, ಆಮೇಲೆ ಗಿಡಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸಿದ ಪ್ರಸಿದ್ಧ ಚಿತ್ರವೊಂದನ್ನು ಪ್ರಕಟಿಸಿದರು. ಇನ್ನೂರು ವರ್ಷಗಳ ನಂತರ ಅಲ್ಲಿಗೆ ಹೋದ ವಿಜ್ಞಾನಿಗಳು ಗಿಡಗಳು ಐನೂರು ಮೀಟರಿಗಿಂತ ಮೇಲೇರಿವೆ ಎಂದು 2015ರಲ್ಲಿ ಬರೆದರು. ಹಂಬೋಲ್ಟರ ಟಿಪ್ಪಣಿಗಳನ್ನು ಕೆದಕಿದ ಇನ್ನೊಂದು ತಂಡ, ಮೇಲಿನ ಭಾಗದ ಗಿಡಗಳನ್ನು ಅವರು ಸಂಗ್ರಹಿಸಿದ್ದು ಹೆಚ್ಚಾಗಿ ಆಂಟಿಸಾನಾ ಎಂಬ ಬೇರೆ ಪರ್ವತದಲ್ಲಿ ಎಂದು 2019ರಲ್ಲಿ ತೋರಿಸಿತು. ಆ ಪ್ರಕಾರ ಏರಿಕೆ 215ರಿಂದ 266 ಮೀಟರ್. ಏರಿದ್ದಂತೂ ಖಂಡಿತ, ಎಷ್ಟು ಎಂಬುದು ಮಾತ್ರ ಯಾವ ಬೆಟ್ಟದಲ್ಲಿ ನಿಂತು ಬರೆದದ್ದು ಎಂಬುದರ ಮೇಲೆ ನಿಂತಿತ್ತು.

ನಮ್ಮ ಬೆಟ್ಟಗಳ ಲೆಕ್ಕ

ಎತ್ತರಕ್ಕೆ ಹೋದಂತೆ ಗಾಳಿ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಅಂದರೆ ಊರಿನ ಉಷ್ಣಾಂಶ ಒಂದು ಡಿಗ್ರಿ ಹೆಚ್ಚಾದರೆ, ಹಳೆಯ ತಂಪನ್ನು ಹುಡುಕಿಕೊಂಡು ಗಿಡದ ಸಂತತಿ ಸುಮಾರು 150 ಮೀಟರ್, ನಮ್ಮ ಮಾತಿನಲ್ಲಿ ಐನೂರು ಅಡಿ, ಮೇಲೇರಬೇಕು. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. ಆ ಲೆಕ್ಕಕ್ಕೆ ಮುನ್ನೂರೈವತ್ತು ಅಡಿಯ ಏರಿಕೆ ಆಗಲೇ ಬಾಕಿ ಬಿದ್ದಿದೆ.

ಈಗ ನಮ್ಮ ಬೆಟ್ಟಗಳನ್ನು ನೋಡಿ. ಶ್ರೀರಂಗಪಟ್ಟಣ ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಮೇಲಿದೆ. ಲೋಕಪಾವನಿ ಕಾವೇರಿಗೆ ಸೇರುವ ಕಡೆ ಎದ್ದು ನಿಂತ ಕರಿಘಟ್ಟದ ತುದಿ ಪಟ್ಟಣಕ್ಕಿಂತ ಐನೂರು ಅಡಿಯ ಆಸುಪಾಸಿನಷ್ಟೇ ಎತ್ತರ. ಕುಂತಿ ಬೆಟ್ಟವೂ ಪಾಂಡವಪುರದ ಬಯಲಿನಿಂದ ಅದಕ್ಕಿಂತ ಬಹಳ ಮೇಲೇನೂ ಹೋಗುವುದಿಲ್ಲ. ಮೇಲುಕೋಟೆ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಮೀರಿದ್ದರೂ ಅದರ ಬುಡದ ಬಯಲೇ ಸಾಕಷ್ಟು ಎತ್ತರದಲ್ಲಿದೆ. ಹಾಗಾಗಿ ಇಡೀ ಕರಿಘಟ್ಟ ಒಂದು ಡಿಗ್ರಿಯ ಬೆಟ್ಟ. ಬಿಸಿ ಒಂದು ಡಿಗ್ರಿ ಏರಿದರೆ ಇವತ್ತು ಬುಡದಲ್ಲಿರುವ ಹವೆ ತುದಿಗೆ ಬರುತ್ತದೆ. ಇವತ್ತು ತುದಿಯಲ್ಲಿರುವ ಹವೆಗೆ ಆ ಬೆಟ್ಟದಲ್ಲಿ ಎಲ್ಲೂ ಜಾಗವಿರುವುದಿಲ್ಲ. ಸಿಕ್ಕಿಂನ ಗಿಡಕ್ಕೆ ಮೇಲೆ ಇನ್ನೂ ಹತ್ತು ಸಾವಿರ ಅಡಿಯ ಬೆಟ್ಟವಿದೆ. ನಮ್ಮ ಗಿಡಕ್ಕೆ ಮೇಲಿರುವುದು ದೇವಸ್ಥಾನ, ಆಮೇಲೆ ಆಕಾಶ.

ಹಾಗಂತ ಕಾರೆ, ಕವಳೆ, ಬಂದರೆ, ತುಗ್ಗಲಿ, ದಿಂಡಿಗಗಳೆಲ್ಲ ನಾಳೆಯೇ ಅಳಿಯುತ್ತವೆ ಎಂದು ಗಾಬರಿಯಾಗಬೇಡಿ. ಇವು ಒಣ ಸೀಮೆಯ ಕುರುಚಲು ಕಾಡಿನ ಗಟ್ಟಿ ಜೀವಗಳು. ಒಂದು ಡಿಗ್ರಿ ಬಿಸಿ ಇವಕ್ಕೆ ಹೊಸದಲ್ಲ. ಇವು ಕಾಣುವ ಕಷ್ಟ ಬೇರೆ ಕಡೆಯಿಂದ ಬರುತ್ತದೆ.

ತಂಪಲ್ಲ, ತೇವ

ಗಿಡಗಳೆಲ್ಲ ಮೇಲಕ್ಕೇ ಹೋಗುತ್ತವೆ ಎಂಬ ನಿಯಮವಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 64 ಜಾತಿಯ ಗಿಡಗಳ 1930ರ ದಶಕದ ನೆಲೆಗಳನ್ನು ಈಗಿನವುಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2011ರಲ್ಲಿ ಬಂತು. ಬಿಸಿ ಏರಿದ್ದರೂ ಗಿಡಗಳ ಮುಖ್ಯ ನೆಲೆ ಒಟ್ಟಾರೆ ಕೆಳಕ್ಕೆ ಇಳಿದಿತ್ತು. ಅಲ್ಲಿ ಮಳೆ ಹೆಚ್ಚಾಗಿ, ಹಿಂದೆ ಒಣಗಿರುತ್ತಿದ್ದ ತಗ್ಗಿನ ಭಾಗದಲ್ಲಿ ನೀರು ಸಿಗತೊಡಗಿತ್ತು. ಗಿಡಗಳು ಹೋದದ್ದು ನೀರಿನ ಹಿಂದೆ.

ಮಂಡ್ಯ ಜಿಲ್ಲೆಗೆ ಹೊಂದುವ ಪಾಠ ಇದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಅದೂ ಏಪ್ರಿಲ್–ಮೇ ತಿಂಗಳ ಗುಡುಗು ಮಳೆ ಒಂದಿಷ್ಟು, ಸೆಪ್ಟೆಂಬರ್–ಅಕ್ಟೋಬರಿನದು ಜೋರು, ನಡುವೆ ಜಿನುಗು. ಕೆ.ಆರ್. ಪೇಟೆ, ನಾಗಮಂಗಲದ ಬೋರೆ ಹೊಲದಲ್ಲಿ ರಾಗಿ ಬೆಳೆದವರಿಗೆ ಈ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಡಬಲ್ಲ ಆವಿ ಸುಮಾರು ಶೇಕಡ 7ರಷ್ಟು ಹೆಚ್ಚುತ್ತದೆ. ಅಂದರೆ ಮಳೆ ಅಷ್ಟೇ ಬಿದ್ದರೂ ಮಣ್ಣಿನಿಂದ, ಎಲೆಯಿಂದ ಗಾಳಿ ಹೀರುವ ನೀರು ಹೆಚ್ಚು. ನಾಲೆಯ ಕೆಳಗಿನ ಗದ್ದೆಗೆ ಕಟ್ಟೆಯ ನೀರು ಬರುತ್ತದೆ; ಬೆಟ್ಟದ ಗಿಡಕ್ಕೆ ಬಂಡೆಯ ಮೇಲೆ ಬಿದ್ದು ಸಂದಿಗೆ ಇಳಿದದ್ದಷ್ಟೇ ನೀರು. 2023ರಂಥ ಬರದ ವರ್ಷದಲ್ಲಿ, ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದಾಗ, ಬೆಟ್ಟದ ಎಳೆಯ ಸಸಿಗಳಿಗೆ ಪರಿಹಾರ ಕೊಡುವವರಿಲ್ಲ. ದೊಡ್ಡ ಮರ ಒಂದು ಬರವನ್ನು ತಾಳುತ್ತದೆ. ಆ ವರ್ಷ ಮೊಳೆತ ಸಸಿ ತಾಳುವುದಿಲ್ಲ. ಬರ ಮೇಲಿಂದ ಮೇಲೆ ಬಂದರೆ ಕಾಡು ಮೇಲ್ನೋಟಕ್ಕೆ ಹಾಗೇ ಇರುತ್ತದೆ, ಕೆಳಗೆ ಮರಿಗಳಿರುವುದಿಲ್ಲ.

ಹಾಗಾದರೆ ನಮ್ಮ ಬೆಟ್ಟದಲ್ಲಿ ಗಿಡ ಸರಿಯುವುದು ಯಾವ ದಿಕ್ಕಿಗೆ? ಪಕ್ಕಕ್ಕೆ, ಒಳಕ್ಕೆ. ಕುಂತಿ ಬೆಟ್ಟದ ಬಂಡೆಯ ಮೇಲೆ ಮಾರ್ಚಿನ ನಡುಹಗಲು ಬರಿಗಾಲಿಡಲು ಆಗುವುದಿಲ್ಲ. ಅಲ್ಲೇ ಹತ್ತು ಹೆಜ್ಜೆ ಆಚೆ, ಎರಡು ಗುಂಡುಗಳ ನಡುವಿನ ಸಂದಿಯಲ್ಲಿ ನೆರಳು, ಕೊಳೆತ ಎಲೆಯ ಮಣ್ಣು, ಅಂಟಿಕೊಂಡ ತೇವ. ಬುಡಕ್ಕೂ ತುದಿಗೂ ಇರುವ ಒಂದು ಡಿಗ್ರಿಯ ಅಂತರಕ್ಕಿಂತ ಈ ಹತ್ತು ಹೆಜ್ಜೆಯ ಅಂತರ ಬಹಳ ದೊಡ್ಡದು. ಬಂಡೆಗೆ ಬೇರು ಹೊದಿಸುವ ಗೋಣಿ, ಅತ್ತಿಯ ಜಾತಿಗಳು, ನೆರಳು ಕೇಳುವ ಬಳ್ಳಿಗಳು ಈ ಸಂದಿಗಳನ್ನೇ ನಂಬಿವೆ. ಬರಿಬಂಡೆಯ ಮೇಲೆ ಉಳಿಯುವವು ಬೇರೆ ಪಂಗಡ: ಕಲ್ಲುಹೂವು, ಹಾವಸೆ, ಒಣಗಿದಾಗ ಮುಷ್ಟಿಯಂತೆ ಮುದುರಿಕೊಂಡು ಮಳೆ ಬಿದ್ದೊಡನೆ ಅರಳುವ ಸಂಜೀವಿನಿ, ದೊಣೆಯ ಅಂಚಿನಲ್ಲಿ ಮಳೆಗಾಲದ ಕೆಲವೇ ವಾರ ಬದುಕಿ ಬೀಜ ಬಿಟ್ಟು ಹೋಗುವ ಪುಟ್ಟ ಗಿಡಗಳು. ದೊಣೆಯಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ ಎಂಬುದೇ ಇವುಗಳ ಆಯಸ್ಸು. ಮಳೆ ಅಷ್ಟೇ ಬಂದು, ಎರಡು ಮಳೆಗಳ ನಡುವಿನ ಬಿಸಿಲು ಉದ್ದವಾದರೆ ಮೊದಲು ಪೆಟ್ಟು ತಿನ್ನುವವು ಇವೇ.

ಇನ್ನು ಮಗ್ಗುಲಿನ ವಿಚಾರ. ನಾವಿರುವುದು ಹೆಚ್ಚುಕಡಿಮೆ ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಮೂರು–ನಾಲ್ಕನೆಯ ವಾರದಲ್ಲಿ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೆ ಬಂದು ನೆರಳು ಕಾಲಡಿಗೆ ಸೇರುತ್ತದೆ. ಆಮೇಲೆ ಆಗಸ್ಟ್ ಮಧ್ಯದವರೆಗೆ ಸೂರ್ಯ ನಮಗೆ ಉತ್ತರಕ್ಕಿರುತ್ತಾನೆ, ಆದರೆ ಆ ಹೊತ್ತಿಗೆ ಮೋಡ, ಮಳೆ ಇರುತ್ತವೆ. ಗಿಡಕ್ಕೆ ಪ್ರಾಣಸಂಕಟದ ಕಾಲ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಆಗ ಬಿಸಿಲು ಬೆಟ್ಟದ ತೆಂಕಣ ಮಗ್ಗುಲಿಗೆ ನೇರವಾಗಿ ಬಡಿಯುತ್ತದೆ, ಬಡಗಣ ಮಗ್ಗುಲಿಗೆ ಓರೆಯಾಗಿ. ಹಾಗಾಗಿ ಬೆಟ್ಟದ ಬಡಗಣ ಮಗ್ಗುಲು, ಅಲ್ಲಿನ ಕೊರಕಲು, ಹಳ್ಳದ ತಲೆ ನಮ್ಮ ಗಿಡಗಳ ಆಸರೆ. ಹಿಮಾಲಯದ ಗಿಡಕ್ಕೆ ಎತ್ತರ ಕೊಡುವ ರಕ್ಷಣೆಯನ್ನು ನಮ್ಮ ಗಿಡಕ್ಕೆ ಕೊಡುವುದು ನೆರಳು. ನಿಮ್ಮ ಸಂಘದವರು ನೆನಪಿಡಬೇಕಾದದ್ದು ಈ ಒಂದು ಮಾತು.

ಓಡಲಾರದವು, ಓಡುವವು

ಮೇಲುಕೋಟೆಯ ಕಾಡಿನಲ್ಲಿ ಈಚಲಿನ ಹಾಗೆ ಕಾಣುವ, ಈಚಲಲ್ಲದ ಒಂದು ಗಿಡವಿದೆ: ಸೈಕಸ್. ಡೈನೊಸಾರ್‌ಗಳ ಕಾಲದಲ್ಲೇ ಇದ್ದ ವಂಶದ್ದು. ಹೂ ಬಿಡುವುದಿಲ್ಲ, ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪಶ್ಚಿಮ ಘಟ್ಟದ ಕಡೆಗೆ ಸೇರಿದ ಈ ಜಾತಿ ಅಳಿವಿನ ಅಂಚಿನಲ್ಲಿರುವವುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿದೆ. ತೋಳಗಳಿಗಾಗಿ 1974ರಲ್ಲಿ ಘೋಷಿಸಿದ ಮೇಲುಕೋಟೆ ವನ್ಯಧಾಮದ ಗಿಡಗಳಲ್ಲಿ ಹೆಸರಾದದ್ದು ಇದೇ. ಇದರ ಬೀಜ ದಪ್ಪ, ಭಾರ. ಬಹುಪಾಲು ತಾಯಿಯ ಬುಡದಲ್ಲೇ ಉರುಳುತ್ತದೆ. ಬೆಳವಣಿಗೆ ಆಮೆವೇಗದ್ದು. ಬೀಜ ಕಟ್ಟಬೇಕಾದರೆ ಗಂಡು ಹೆಣ್ಣು ಎರಡೂ ಹತ್ತಿರದಲ್ಲಿರಬೇಕು. ಇಂಥದ್ದು ಹತ್ತು ವರ್ಷಕ್ಕೆ 27 ಮೀಟರ್ ಹತ್ತುವ ಮಾತು ಹಾಗಿರಲಿ, ಒಂದು ಹಳ್ಳ ದಾಟುವುದೂ ಕಷ್ಟ. ಎಲೆಗಾಗಿ, ಬೀಜಕ್ಕಾಗಿ ಕಡಿಯದಿರುವುದು, ಬೆಂಕಿ ಬೀಳದಂತೆ ಕಾಯುವುದು, ಇರುವ ಜಾಗದಲ್ಲೇ ಬಾಳಲು ಬಿಡುವುದು ಬಿಟ್ಟರೆ ಇದಕ್ಕೆ ಬೇರೆ ದಾರಿ ಇಲ್ಲ.

ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ 2022ರಲ್ಲಿ ಅರಳಿ ಜನಜಾತ್ರೆ ಸೇರಿಸಿದ ಕುರಿಂಜಿಯದೂ ಹೆಚ್ಚುಕಡಿಮೆ ಇದೇ ಕಷ್ಟ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡಕ್ಕೆ ನೂರು ವರ್ಷದಲ್ಲಿ ಸರಿಯಲು ಸಿಗುವ ಅವಕಾಶ ಎಂಟೇ ಎಂಟು.

ಓಡುವವರೂ ಇದ್ದಾರೆ. ಬ್ರಿಟಿಷರು ಅಂದಕ್ಕೆಂದು ಅಮೆರಿಕದಿಂದ ತಂದ ಲಾಂಟಾನದ ಹಣ್ಣನ್ನು ಹಕ್ಕಿ ತಿಂದು ಎಲ್ಲೆಂದರಲ್ಲಿ ಬಿತ್ತುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ವಿಜ್ಞಾನಿಗಳು ಗುರುತಿಸಿದ್ದ ಜಾಗಗಳ ಪೈಕಿ ಶೇಕಡ 41ರಲ್ಲಿ ಲಾಂಟಾನ ಇತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಭರತ್ ಸುಂದರಂ ಮತ್ತು ಅಂಕಿಲಾ ಹಿರೇಮಠ್ 2008ರಲ್ಲಿ ಮತ್ತೆ ನೋಡಿದಾಗ ಅದು ಶೇಕಡ 81 ಆಗಿತ್ತು. ಹಿಂದೆ ವರ್ಷದ ಮೊದಲಲ್ಲೇ ತಣ್ಣನೆಯ ತರಗು ಬೆಂಕಿ ಹಾಕುತ್ತಿದ್ದುದರಿಂದ ಅದು ಹತೋಟಿಯಲ್ಲಿತ್ತು, ಬೆಂಕಿ ನಿಷೇಧಿಸಿದ ಮೇಲೆ ಹಬ್ಬಿತು ಎಂಬುದು ಅಲ್ಲಿನ ಸೋಲಿಗರ ಅನುಭವ. ಇಲ್ಲೊಂದು ಎಚ್ಚರ: ಲಾಂಟಾನ ಹಬ್ಬಿದ್ದಕ್ಕೆಲ್ಲ ಹವಾಮಾನವೇ ಕಾರಣ ಎನ್ನಬಾರದು. ನಮ್ಮ ಬೆಟ್ಟಗಳ ಕತೆಯೂ ಅಷ್ಟೆ. ಸೌದೆ, ಆಡು ಕುರಿ, ಬೇಸಿಗೆಯ ಬೆಂಕಿ, ಕಲ್ಲು ಗಣಿ ಇವುಗಳ ಏಟು ಬಿಸಿಗಿಂತ ಮೊದಲು ಬಿದ್ದಿದೆ. ಗಣಿಯಂತೂ ಗಿಡದ ನೆಲೆಯನ್ನು ಸರಿಸುವುದಿಲ್ಲ, ಬೆಟ್ಟವನ್ನೇ ತೆಗೆದುಬಿಡುತ್ತದೆ. ಹವಾಮಾನ ಬದಲಾವಣೆ ಮಾಡುವ ಕೆಲಸವೆಂದರೆ ಈ ಏಟು ತಿಂದ ಕಾಡು ಚೇತರಿಸಿಕೊಳ್ಳಲು ಬೇಕಾದ ಮೂರು ನಾಲ್ಕು ಒಳ್ಳೆಯ ಮಳೆಗಾಲ ಒಟ್ಟಿಗೆ ಸಿಗದಂತೆ ಮಾಡುವುದು.

ಹೊಳೆ ಹುಟ್ಟುವ ಬೆಟ್ಟ

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನಿಮ್ಮ ಬದುಕಿಗೆ ಹತ್ತಿರದ ಎತ್ತರದ ಬೆಟ್ಟಗಳು ನಿಮ್ಮ ಕಣ್ಣಿಗೆ ಕಾಣುವವಲ್ಲ. ಕಾವೇರಿ ಹುಟ್ಟುವುದು ಬ್ರಹ್ಮಗಿರಿಯ ತಲಕಾವೇರಿಯಲ್ಲಿ, ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನಲ್ಲಿ. ಕನ್ನಂಬಾಡಿ ಕಟ್ಟೆಯ 124.80 ಅಡಿ ತುಂಬಬೇಕಾದರೆ, ಗೊರೂರಿನಿಂದ ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ನಾಲೆಯಲ್ಲಿ ನೀರು ಬರಬೇಕಾದರೆ ಆ ಬೆಟ್ಟಸಾಲು ನೀರು ಕುಡಿದು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡಬೇಕು. ಅಲ್ಲಿನ ನೆತ್ತಿಯ ಮೇಲೆ ಹುಲ್ಲುಗಾವಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು: ಇದು ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳ ಗುರುತು.

ಈ ಹುಲ್ಲೂ ಕಾಡೂ ಎಂದಿಗೂ ಇದ್ದಲ್ಲೇ ಇದ್ದವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನಲ್ಲಿ ಪದರಪದರವಾಗಿ ಕೂತ ಕೊಳೆತ ಸಸ್ಯದ ಕಾರ್ಬನ್ ಅಳೆದು 1993ರಲ್ಲಿ ಒಂದು ಲೇಖನ ಪ್ರಕಟಿಸಿದರು. ಹಿಂದಿನ 20,000 ವರ್ಷಗಳಲ್ಲಿ ಒಣ ಕಾಲ ಬಂದಾಗ ಹುಲ್ಲು ಹಿಗ್ಗಿತ್ತು, ತೇವದ ಕಾಲ ಬಂದಾಗ ಮರದ ಜಾತಿಗಳು ಹಿಗ್ಗಿದ್ದವು ಎಂಬುದು ಅದರಿಂದ ತಿಳಿಯಿತು. ಆಗ ಆ ಬದಲಾವಣೆಗೆ ಸಾವಿರಾರು ವರ್ಷ ಹಿಡಿದಿತ್ತು.

ನೀಲಗಿರಿಯ ಮೇಲ್ಭಾಗದಲ್ಲಿ ಹುಲ್ಲುಗಾವಲನ್ನು ಕಾಯುತ್ತಿರುವುದು ಚಳಿ. ಜನವರಿಯ ರಾತ್ರಿ ಬಯಲಿನಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಶೋಲಾ ಮರದ ಎಳೆಯ ಸಸಿ ಅದನ್ನು ತಾಳಲಾರದು. ಅದಕ್ಕೇ ಕಾಡು ಕಣಿವೆ ಬಿಟ್ಟು ಮೇಲೆ ಬರುವುದಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನ ಅತುಲ್ ಜೋಶಿ, ಮಹೇಶ್ ಶಂಕರನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊರಗಿನಿಂದ ತಂದ ಅಕೇಶಿಯಾ ಜಾತಿಯ ಸಸಿಗಳು ಈ ಕಾವಲನ್ನು ದಾಟಬಲ್ಲವು. ರಾತ್ರಿಯ ಚಳಿ ತಗ್ಗಿದಷ್ಟೂ ಅವುಗಳ ದಾರಿ ಸಲೀಸು. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡ್ ಕೂಡ ಬಿಸಿಲಿನ ಹುಲ್ಲಿಗಿಂತ ಮರಗಳಿಗೇ ಹೆಚ್ಚು ಲಾಭ. ಪಳನಿ ಬೆಟ್ಟಗಳಲ್ಲಿ ನೆಡುತೋಪು, ಬೇಸಾಯ ಸೇರಿ ನಾಲ್ಕು ದಶಕಗಳಲ್ಲಿ ಎತ್ತರದ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಹೋಯಿತು. ಕರ್ನಾಟಕದ ಬೆಟ್ಟಗಳು ಅಷ್ಟು ಎತ್ತರದವಲ್ಲ. ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್, ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್. ಇಲ್ಲಿ ಹೆಪ್ಪುಗಟ್ಟುವ ಚಳಿಗಿಂತ ಬಿರುಗಾಳಿ, ತೆಳು ಮಣ್ಣು, ಬೆಂಕಿ, ಮೇವು ಹುಲ್ಲನ್ನು ಹುಲ್ಲಾಗಿ ಇಟ್ಟಿವೆ. ಆದರೆ ಅಪಾಯದ ರೀತಿ ಒಂದೇ: ಹುಲ್ಲು ಕಂಡಲ್ಲೆಲ್ಲ ‘ಬೋಳು ಬೆಟ್ಟ’ ಎಂದುಕೊಂಡು ಹೊರಗಿನ ಮರ ನೆಡುವ ನಮ್ಮ ಉತ್ಸಾಹ, ಅದಕ್ಕೆ ಹದವಾಗುತ್ತಿರುವ ಹವೆ.

ಬೀಜದುಂಡೆ ಎಲ್ಲಿ?

ಈಗ ನಿಮ್ಮ ಸಂಘದ ಯೋಜನೆ. ಕುಂತಿ ಬೆಟ್ಟದ ತಲೆ ಬೋಳಾಗಿ ಕಾಣುವುದು ಯಾರೋ ಕಡಿದದ್ದರಿಂದ ಮಾತ್ರವಲ್ಲ. ಬಹುಪಾಲು ಅದು ಬಂಡೆ. ಅಲ್ಲಿ ಎಸೆದ ಉಂಡೆ ಮೊಳೆತರೂ ಬೇರಿಳಿಸಲು ಮಣ್ಣಿಲ್ಲದೆ ಬೇಸಿಗೆಗೆ ಒಣಗುತ್ತದೆ. ಅಪ್ಪಿತಪ್ಪಿ ಬದುಕಿದರೆ, ಬಿಸಿಲನ್ನೇ ನಂಬಿದ ಹುಲ್ಲು, ಸಂಜೀವಿನಿ, ದೊಣೆಯ ಪುಟ್ಟ ಗಿಡಗಳ ಮೇಲೆ ನೆರಳು ಬೀಳುತ್ತದೆ. ಎರಡರಲ್ಲೂ ನಷ್ಟವೇ.

ಉಂಡೆ ಹಾಕುವುದಾದರೆ ಬೆಟ್ಟದ ಬುಡದ ಮಣ್ಣಿರುವ ಇಳಿಜಾರಿನಲ್ಲಿ, ಕೊರಕಲಿನ ಅಂಚಿನಲ್ಲಿ, ಬಡಗಣ ಮಗ್ಗುಲಿನಲ್ಲಿ ಹಾಕಿ. ಬೀಜ ಅದೇ ಬೆಟ್ಟದ್ದಾಗಿರಲಿ: ದಿಂಡಿಗ, ತುಗ್ಗಲಿ, ಕಕ್ಕೆ, ಮುತ್ತುಗ, ಕಾರೆ, ಕವಳೆ. ಒಂದು ಉಪಾಯವಿದೆ. ತೆಂಕಣ ಮಗ್ಗುಲಿನಲ್ಲಿ, ಬುಡದ ಸುಡುಬಿಸಿಲಿನಲ್ಲಿ ಹಲವು ಬರ ಕಂಡು ಉಳಿದ ಹಳೆಯ ಮರಗಳಿಂದಲೂ ಬೀಜ ಆಯ್ದುಕೊಳ್ಳಿ. ಬರ ತಡೆಯುವ ಗುಣ ಅವುಗಳ ಮರಿಗಳಿಗೆ ಬರುವ ಸಾಧ್ಯತೆ ಹೆಚ್ಚು. ಬಳ್ಳಾರಿ ಜಾಲಿ, ಸುಬಾಬುಲ್, ಅಕೇಶಿಯಾ ಬೇಡವೇ ಬೇಡ. ಮೇಲುಕೋಟೆಯ ವನ್ಯಧಾಮ, ಆದಿಚುಂಚನಗಿರಿಯ ನವಿಲುಧಾಮದಂಥ ಕಡೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಏನನ್ನೂ ಬಿತ್ತಬಾರದು, ಕೀಳಬಾರದು.

ಬಿತ್ತುವುದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸಗಳು ಬೇರೆ ಇವೆ. ಜನವರಿಯಿಂದ ಏಪ್ರಿಲ್‌ವರೆಗೆ ಬೆಂಕಿ ಬೀಳದಂತೆ ಕಾಯುವುದು ಒಂದು. ಕೊರಕಲುಗಳಲ್ಲಿ ಲಾಂಟಾನವನ್ನು ಹಣ್ಣಾಗುವ ಮೊದಲೇ ಬೇರುಸಹಿತ ಕಿತ್ತು, ಮರುವರ್ಷ ಮತ್ತು ಅದರ ಮರುವರ್ಷವೂ ಬಂದು ಮರಿಗಳನ್ನು ಕೀಳುವುದು ಇನ್ನೊಂದು. ಒಂದೇ ಸಲ ಕಿತ್ತು ಫೋಟೊ ತೆಗೆಸಿಕೊಂಡು ಹೋದರೆ ಕಿತ್ತ ಜಾಗದಲ್ಲಿ ದುಪ್ಪಟ್ಟು ಬರುತ್ತದೆ.

ಕೊನೆಯದು ಬರೆದಿಡುವ ಕೆಲಸ. ನಮ್ಮ ಬೆಟ್ಟಗಳಿಗೆ ಒಬ್ಬ ಹೂಕರ್ ಸಿಗಲಿಲ್ಲ. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣ, ತೊಣ್ಣೂರು, ಮೇಲುಕೋಟೆಗಳಿಗೆ ಬಂದಿದ್ದರು. ಅವರೂ ಸಸ್ಯವಿಜ್ಞಾನಿಯೇ. ಆದರೆ ಕಂಪನಿ ಸರ್ಕಾರ ಅವರನ್ನು ಕಳಿಸಿದ್ದು ಬೇಸಾಯ, ಕಸುಬು, ವ್ಯಾಪಾರಗಳ ವರದಿಗಾಗಿ. ಬೆಟ್ಟದ ಗಿಡಗಳ ಎತ್ತರ ಅಳೆಯುವುದು ಅವರ ಕೆಲಸವಾಗಿರಲಿಲ್ಲ. ಪಕ್ಕದ ಹಾಸನ ಜಿಲ್ಲೆಗೆ ಸೆಸಿಲ್ ಸಲ್ಡಾನ ಮತ್ತು ಡಾನ್ ನಿಕೊಲ್ಸನ್ ಸಂಪಾದಿಸಿದ ದೊಡ್ಡ ಸಸ್ಯಕೋಶ 1976ರಲ್ಲೇ ಬಂತು. ಕೆ.ಆರ್. ಪೇಟೆ, ನಾಗಮಂಗಲದ ಗಡಿಯ ಆಚೆಯ ಗಿಡಗಳನ್ನು ತಿಳಿಯಲು ಇವತ್ತಿಗೂ ಅದೇ ಆಧಾರ.

ನಿಮ್ಮ ಸಂಘ ಹೀಗೆ ಶುರುಮಾಡಬಹುದು. ಒಂದು ಬೆಟ್ಟ ಆರಿಸಿ, ಬುಡ, ತೆಂಕಣ ಮಗ್ಗುಲು, ಬಡಗಣ ಮಗ್ಗುಲು, ತುದಿ ಎಂದು ನಾಲ್ಕು ಕಡೆ ಹತ್ತು ಮೀಟರ್ ಚೌಕದ ಜಾಗ ಗುರುತಿಸಿ. ವರ್ಷಕ್ಕೆರಡು ಸಲ, ಅಕ್ಟೋಬರ್ ಕೊನೆಗೆ ಮತ್ತು ಮಾರ್ಚ್ ಕೊನೆಗೆ, ಅದೇ ಬಂಡೆಯ ಮೇಲೆ ನಿಂತು ಅದೇ ದಿಕ್ಕಿಗೆ ಫೋಟೊ ತೆಗೆಯಿರಿ. ಒಳಗಿರುವ ಗಿಡಗಳ ಹೆಸರು, ದೊಡ್ಡವು ಎಷ್ಟು, ಸಸಿಗಳು ಎಷ್ಟು, ದೊಣೆಯಲ್ಲಿ ನೀರಿದೆಯೆ, ಇವಿಷ್ಟು ಬರೆಯಿರಿ. ಹೆಸರು ತಿಳಿಯದಿದ್ದರೆ ಆಡು ಕುರಿ ಕಾಯುವವರನ್ನು, ನಾಟಿ ಔಷಧಿ ಬಲ್ಲ ಹಿರಿಯರನ್ನು ಕೇಳಿ. ಫೋನಿನಲ್ಲಿ ಎತ್ತರವೂ ಜಾಗದ ಗುರುತೂ ಸಿಗುತ್ತವೆ. ಊರಿನ ಹೊಂಗೆ, ಹುಣಸೆ, ಕಕ್ಕೆ ಯಾವ ವಾರ ಚಿಗುರಿ ಹೂ ಬಿಟ್ಟವು ಎಂಬುದನ್ನು ಶಾಲೆಯ ಮಕ್ಕಳು ‘ಸೀಸನ್‌ವಾಚ್’ ಎಂಬ ದೇಶವ್ಯಾಪಿ ಯೋಜನೆಗೆ ಕಳಿಸಬಹುದು. ಬರೆದದ್ದರ ಒಂದು ಪ್ರತಿ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿರಲಿ, ಒಂದು ಊರಿನ ಗ್ರಂಥಾಲಯದಲ್ಲಿರಲಿ. ಯಾವ ಬೆಟ್ಟ, ಯಾವ ಮಗ್ಗುಲು ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ. ಹಂಬೋಲ್ಟರ ವಿಷಯದಲ್ಲಿ ಆದ ಗೊಂದಲ ನಿಮ್ಮ ಮೊಮ್ಮಕ್ಕಳಿಗೆ ಬೇಡ.

ಐದು ವರ್ಷ ಕಳೆದ ಮೇಲೆ ಆ ನಾಲ್ಕು ಪಟ್ಟಿಗಳಲ್ಲಿ ಸಸಿಗಳ ಸಾಲನ್ನು ಮೊದಲು ನೋಡಿ. ತೆಂಕಣ ಮಗ್ಗುಲಿನಲ್ಲಿ ದಿಂಡಿಗದ ಮರಗಳಿದ್ದು ಮರಿಗಳು ಇಲ್ಲವಾಗಿ, ಬಡಗಣ ಮಗ್ಗುಲಿನಲ್ಲಿ ಮಾತ್ರ ಮರಿಗಳು ಏಳುತ್ತಿದ್ದರೆ, ಆಗ ನಿಮ್ಮ ಬೆಟ್ಟದ ಗಿಡವೂ ಸರಿಯತೊಡಗಿರಬಹುದು ಎಂದು ಅನುಮಾನಿಸಿ. ಆ ಕಡೆ ಮೇವು, ಬೆಂಕಿ ಹೆಚ್ಚಿತ್ತೆ ಎಂದು ವಿಚಾರಿಸಿ ಖಚಿತಪಡಿಸಿಕೊಳ್ಳಿ. ಹಾಗಿಲ್ಲವೆಂದಾದರೆ ಮುಂದಿನ ಮುಂಗಾರಿನ ಬೀಜದುಂಡೆ ಎಲ್ಲಿ ಬೀಳಬೇಕು ಎಂಬುದಕ್ಕೆ ನನ್ನನ್ನು ಕೇಳುವ ಅಗತ್ಯ ನಿಮಗೆ ಇರುವುದಿಲ್ಲ.